ಹೂಳೆತ್ತಲು ಹೋದವರು

ಟೀ ಶರ್ಟು ಹಳದಿ ಇರಬೇಕೋ ನೀಲಿ ಇರಬೇಕೋ ಎಂಬುದಕ್ಕೆ ನಾವು ಮೂರು ಭಾನುವಾರ ಮೀಟಿಂಗ್ ಮಾಡಿದ್ದೆವು. ಬಾವಿಯ ಹೂಳು ತೆಗೆಯುವುದು ಹೇಗೆ ಎಂಬುದಕ್ಕೆ ಒಂದು ಮೀಟಿಂಗೂ ಮಾಡಿರಲಿಲ್ಲ.

ಇದು 2009ರ ಮಾತು. ಮಂಗಳೂರಿನ ಹೊರವಲಯದ ನಮ್ಮ ಚರ್ಚಿನ ಯುವ ಸಂಘಟನೆ ಪ್ರತಿ ಬೇಸಿಗೆ ರಜೆಯಲ್ಲಿ ಒಂದು ಸೇವಾ ಶಿಬಿರ ಮಾಡುತ್ತಿತ್ತು. ಹಿಂದಿನ ವರ್ಷಗಳಲ್ಲಿ ವೃದ್ಧಾಶ್ರಮಕ್ಕೆ ಹೋಗಿ ಹಾಡು ಹೇಳಿ ಬಂದದ್ದು, ಯಾವುದೋ ಶಾಲೆಯ ಗೋಡೆಗೆ ಬಣ್ಣ ಬಳಿದದ್ದು, ಇಷ್ಟೇ. ಆ ವರ್ಷ ನಮ್ಮ ಸಹಾಯಕ ಗುರುಗಳು ಬೇರೆ ಯೋಚನೆ ಮಾಡಿದರು. ಅವರು ಮೊದಲು ಉತ್ತರ ಕನ್ನಡದಲ್ಲಿ ಕೆಲಸ ಮಾಡಿದವರು. ಹಳಿಯಾಳ ತಾಲೂಕಿನಲ್ಲಿ ಸಿದ್ದಿ ಜನರ ಒಂದು ಕೇರಿ ತನಗೆ ಗೊತ್ತು, ಅಲ್ಲಿ ಹತ್ತು ದಿನ ಇದ್ದು ಬರೋಣ ಎಂದರು. ಬಾವಿಯ ಹೂಳೆತ್ತುವುದು, ಪ್ರಾರ್ಥನಾ ಮಂದಿರಕ್ಕೆ ಸುಣ್ಣ ಬಳಿಯುವುದು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಹಳೆಬಟ್ಟೆ ಹಂಚುವುದು. ಭಾನುವಾರದ ಪೂಜೆಯ ಕೊನೆಗೆ ನಮ್ಮ ಹದಿನಾಲ್ಕು ಮಂದಿಯನ್ನು ಪೀಠದ ಮುಂದೆ ಸಾಲಾಗಿ ನಿಲ್ಲಿಸಿ ಆಶೀರ್ವಾದ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಇನ್ನೂ ಏನೂ ಮಾಡಿರದ ಕೆಲಸಕ್ಕೆ ನನಗೆ ಸಿಕ್ಕ ಚಪ್ಪಾಳೆ ಅದೊಂದೇ.

ನಾನು ಯಾಕೆ ಹೊರಟೆ ಎಂದರೆ, ನಿಜ ಹೇಳಬೇಕು, ಸೇವೆಗಲ್ಲ. ನನಗೆ ಇಪ್ಪತ್ತು ವರ್ಷ. ಗೆಳತಿಯರ ಜೊತೆ ಮಡಿಕೇರಿಗೆ ಹೋಗುತ್ತೇನೆ ಎಂದರೆ ಅಮ್ಮ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಚರ್ಚಿನವರ ಜೊತೆ ಎಂದರೆ ರಾತ್ರಿ ಬಸ್ಸಿಗೂ ಅಡ್ಡಿಯಿಲ್ಲ, ಜೊತೆಗೆ ಇನ್ನೂರು ರೂಪಾಯಿ ಮತ್ತು ಒಂದು ಡಬ್ಬ ಚಕ್ಕುಲಿ.

ಕುಂದಾಪುರ, ಭಟ್ಕಳ, ಹೊನ್ನಾವರ, ಅಂಕೋಲಾ. ಅರಬೈಲು ಘಟ್ಟ ಹತ್ತುವಾಗ ಇಬ್ಬರು ವಾಂತಿ ಮಾಡಿದರು. ಬೆಳಗಿನ ಜಾವ ಯಲ್ಲಾಪುರದಲ್ಲಿ ಇಳಿದು ಅಲ್ಲಿಂದ ಟೆಂಪೊ. ಕಾಡು, ಭತ್ತದ ಗದ್ದೆ, ಮತ್ತೆ ಕಾಡು. ಟೆಂಪೊ ನಿಂತಲ್ಲಿ ಒಂದಿಪ್ಪತ್ತು ಮನೆಗಳು, ಮಣ್ಣಿನ ಗೋಡೆ, ಹಂಚಿನ ಮಾಡು. ಅಂಗಳಗಳು ನಮ್ಮ ಮನೆಯ ಹಜಾರಕ್ಕಿಂತ ಚೊಕ್ಕ. ಮಕ್ಕಳು ಓಡಿ ಬಂದವು. ಗುಂಗುರು ಕೂದಲು, ಕಪ್ಪು ಮೈಬಣ್ಣ, ಬಾಯಲ್ಲಿ ಕೊಂಕಣಿ. ನಮ್ಮದೇ ಕೊಂಕಣಿ ಅಲ್ಲ, ಆದರೆ ಕೊಂಕಣಿಯೇ. ನಮ್ಮ ಪೈಕಿ ಒಬ್ಬಳು “ಅಯ್ಯೋ, ಇವರಿಗೂ ನಮ್ಮ ಭಾಷೆ ಬರುತ್ತದೆ” ಎಂದಳು. ಒಬ್ಬ ಹುಡುಗ ಒಂದು ಮಗುವಿನ ತಲೆಗೂದಲನ್ನು ಮುಟ್ಟಿ ಮುಟ್ಟಿ ನೋಡಿದ. ಮಗು ತಲೆ ಎಳೆದುಕೊಂಡು ದೂರ ನಿಂತಿತು. ಆಗ ನಾವೆಲ್ಲ ನಕ್ಕೆವು, ನಾನೂ ನಕ್ಕೆ.

ಬಾವಿಯ ಕತೆ ಹೇಳುತ್ತೇನೆ. ಕೇರಿಯ ಮಧ್ಯೆ ಕಲ್ಲು ಕಟ್ಟಿದ, ಸುಮಾರು ಮೂವತ್ತು ಅಡಿ ಆಳದ ಬಾವಿ. ಮಳೆಗಾಲಕ್ಕೆ ಮುಂಚೆ, ನೀರು ತೀರಾ ತಳ ಸೇರಿದಾಗ ಹೂಳು ತೆಗೆಯಬೇಕು. ಅದಕ್ಕೆ ಮೇ ಕೊನೆಯೇ ಸರಿಯಾದ ಕಾಲ, ಅಷ್ಟು ನಮ್ಮ ಗುರುಗಳಿಗೆ ಗೊತ್ತಿತ್ತು. ನಮಗೆ ಗೊತ್ತಿಲ್ಲದ್ದು ಬೇರೆ. ತಳದಲ್ಲಿ ನಿಂತ ನೀರನ್ನು ಪೂರ್ತಿ ಖಾಲಿ ಮಾಡದೆ ಹೂಳು ಕೈಗೆ ಸಿಗುವುದಿಲ್ಲ, ಮತ್ತು ಕೊಡದಲ್ಲಿ ನೀರೆತ್ತುತ್ತಾ ಹೋದರೆ ನೀವು ಎತ್ತಿದಷ್ಟನ್ನೂ ಒರತೆ ಮತ್ತೆ ತುಂಬುತ್ತದೆ. ಮೊದಲ ದಿನ ನಮ್ಮ ಹುಡುಗರು ಉತ್ಸಾಹದಿಂದ ಇಳಿಯಲು ಹೊರಟರು. ಒಬ್ಬ ಮುದುಕರು ಕೈ ಅಡ್ಡ ಹಿಡಿದು ನಿಲ್ಲಿಸಿ, ಮನೆಯಿಂದ ಕಂದೀಲು ತಂದು ಹೊತ್ತಿಸಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಹಾಡಹಗಲಲ್ಲಿ ಕಂದೀಲು ಕಂಡು ನಮಗೆ ನಗು. ಅವರು ಏನೂ ಹೇಳದೆ ಬಗ್ಗಿ ನೋಡುತ್ತಿದ್ದರು. ದೀಪ ತಳದವರೆಗೂ ಉರಿಯಿತು. ಮೇಲೆ ಎಳೆದುಕೊಂಡು “ಇಳೀರಿ” ಎಂದರು. ದೀಪ ನಂದಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ ಎಂದು ಅರ್ಥ, ಹಾಗೆ ಇಳಿದವರು ಹೆಣವಾಗಿ ಮೇಲೆ ಬರುತ್ತಾರೆ ಎಂದು ಆಮೇಲೆ ಗುರುಗಳು ತಿಳಿಸಿದರು. ಹದಿನಾಲ್ಕು ಪದವೀಧರರು ಮತ್ತು ಅರ್ಧ ಪದವೀಧರರ ತಲೆಗೆ ಅದು ಹೊಳೆದಿರಲಿಲ್ಲ.

ಎರಡು ದಿನ ನಾವು ಬಾವಿಯ ಜೊತೆ ಗುದ್ದಾಡಿದೆವು. ಇಬ್ಬರು ಕೆಳಗೆ, ಉಳಿದವರು ರಾಟೆಯಲ್ಲಿ ಎಳೆಯುವುದು, ಹುಡುಗಿಯರು ಬುಟ್ಟಿಯನ್ನು ಸಾಲಾಗಿ ಕೈಯಿಂದ ಕೈಗೆ ದಾಟಿಸುವುದು. ಅಂಗೈ ಬೊಕ್ಕೆ ಬಂದವು. ಫೋಟೊಗಳು ಚೆನ್ನಾಗಿ ಬಂದವು. ಎರಡನೆಯ ಸಂಜೆ ಬಾವಿಯೊಳಗೆ ಬಗ್ಗಿ ನೋಡಿದರೆ ಮೊದಲು ತಿಳಿಯಾಗಿದ್ದ ನೀರು ಚಾಕೊಲೇಟಿನ ಬಣ್ಣಕ್ಕೆ ತಿರುಗಿತ್ತು. ಹೂಳು ಇದ್ದಲ್ಲೇ ಇತ್ತು. ನಾವು ಅದನ್ನು ಎತ್ತಿರಲಿಲ್ಲ, ಕಲಕಿದ್ದೆವು. ಅಂದಿನಿಂದ ಕೇರಿಯ ಹೆಂಗಸರು ನಸುಕಿಗೇ ಎದ್ದು ಗದ್ದೆಗಳಾಚೆಯ ಹಳ್ಳಕ್ಕೆ ಕೊಡ ಹೊತ್ತು ಹೋಗತೊಡಗಿದರು. ಅವರು ತಂದ ಆ ನೀರಿನಲ್ಲೇ ನಮಗೂ ಚಹಾ ಆಗುತ್ತಿತ್ತು. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರನೆಯ ದಿನ ಐದು ಜನ ಗಂಡಸರು ಕೂಲಿಗೆ ಹೋಗದೆ ಉಳಿದರು. ಯಾರದೋ ಗದ್ದೆಯಿಂದ ಡೀಸೆಲ್ ಪಂಪು ತಂದರು. ಹೊಗೆ ಬಾವಿಗೆ ಇಳಿಯದಂತೆ ಅದನ್ನು ಗಾಳಿಯ ಕೆಳಮುಖಕ್ಕೆ, ಮಾರು ದೂರದಲ್ಲಿ ಇಟ್ಟರು. ಕಂದೀಲು ಮತ್ತೆ ಇಳಿಯಿತು. ಎರಡು ದಿನದಲ್ಲಿ ಕೆಲಸ ಮುಗಿಯಿತು. ನಮ್ಮನ್ನು ಬುಟ್ಟಿ ದಾಟಿಸಲು ಬಳಸಿಕೊಂಡರು. ಅದೂ ನಮಗೆ ಬೇಸರವಾಗಬಾರದು ಎಂದಿರಬೇಕು. ಐದು ಜನರ ಎರಡು ದಿನ, ಎಂದರೆ ಹತ್ತು ದಿನದ ಕೂಲಿ. ನಮ್ಮ ಹದಿನಾಲ್ಕು ಟೀ ಶರ್ಟುಗಳಿಗೆ ಕೊಟ್ಟ ದುಡ್ಡು ಅದಕ್ಕಿಂತ ಹೆಚ್ಚು. ಈ ಲೆಕ್ಕ ನನಗೆ ಆಗ ಹೊಳೆಯಲಿಲ್ಲ. ಕಾಮರ್ಸ್ ವಿದ್ಯಾರ್ಥಿನಿ ಬೇರೆ.

ಬಟ್ಟೆ ಹಂಚುವ ಕೆಲಸವೂ ನಾವು ಅಂದುಕೊಂಡಂತೆ ನಡೆಯಲಿಲ್ಲ. ಆರು ಗೋಣಿ ಹಳೆಬಟ್ಟೆ ಒಯ್ದಿದ್ದೆವು. ವಯಸ್ಸಿನ ಪ್ರಕಾರ ಸಾಲು ಮಾಡಿಸಿ ಒಬ್ಬೊಬ್ಬರಿಗೆ ಕೊಡುವುದು ನಮ್ಮ ಯೋಜನೆ. ಹೆಂಗಸರು ಗೋಣಿಗಳನ್ನು ಜಗಲಿಯ ಮೇಲೆ ಸುರಿಸಿಕೊಂಡು ತಾವೇ ಕುಳಿತು ಆರಿಸತೊಡಗಿದರು. ತೊಡುವುದು ಒಂದು ಕಡೆ, ನೈಲಾನು ಪಾಲಿಯೆಸ್ಟರು ಒಂದು ಕಡೆ, ಹತ್ತಿ ಬಟ್ಟೆ ಒಂದು ಕಡೆ. ಹತ್ತಿ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಮಿಣಿಮಿಣಿ ಹೊಲಿದ ಯಾರದೋ ಬರ್ತ್‌ಡೇ ಫ್ರಾಕ್ ಎತ್ತಿ ಹಿಡಿದು ಬಿದ್ದು ಬಿದ್ದು ನಕ್ಕರು. ನಾವು ದಾನ ಎಂದುಕೊಂಡು ತಂದದ್ದನ್ನು ಅವರು ಮಾರುಕಟ್ಟೆಯ ಮಾಲು ನೋಡುವಂತೆ ನೋಡುತ್ತಿದ್ದರು. ಹತ್ತಿಯ ರಾಶಿ ಕೌದಿಗೆ.

ಸಿದ್ದಿ ಹೆಂಗಸರ ಕೌದಿಯನ್ನು ನೀವು ನೋಡಿರಬಹುದು, ಅಮೆರಿಕದ ಮ್ಯೂಸಿಯಮ್ಮುಗಳಲ್ಲೂ ಅವು ಪ್ರದರ್ಶನಗೊಂಡಿವೆ. ಒಂದು ಹಳೆ ಸೀರೆಯನ್ನು ಅಡಿಗೆ ಹಾಸಿ, ಅಂಚಿನಿಂದ ಶುರುಮಾಡಿ ತುಂಡು ಬಟ್ಟೆಗಳನ್ನು ಇಡುತ್ತಾ, ದಪ್ಪ ನೂಲಿನ ಸಣ್ಣ ಓಟದ ಹೊಲಿಗೆಯಲ್ಲಿ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ನಕಾಶೆ ಬರೆದುಕೊಳ್ಳುವುದಿಲ್ಲ, ಅಳತೆ ಪಟ್ಟಿ ಇಲ್ಲ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ಹೂಗಳು. ಕ್ರೈಸ್ತರ ಮನೆಯ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ ಇರುತ್ತದೆ, ಮುಸ್ಲಿಮರ ಮನೆಯದರಲ್ಲಿ ಅರ್ಧಚಂದ್ರ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ.

ನಾವು ಹುಡುಗಿಯರು ಮಲಗುತ್ತಿದ್ದ ಮನೆಯ ಅಜ್ಜಿ ಸಂಜೆಯವರೆಗೂ ಜಗಲಿಯಲ್ಲಿ ಕೌದಿ ಹೊಲಿಯುತ್ತಿದ್ದರು. ಬಾವಿಯ ಅವಮಾನದ ಮೇಲೆ ನನಗೆ ಅಲ್ಲಿ ಕುಳಿತುಕೊಳ್ಳುವುದೇ ಹಿತವೆನಿಸಿತು. ಒಂದು ಸಂಜೆ ಅವರು ನಮ್ಮ ಊರು, ಮನೆತನ ವಿಚಾರಿಸಿದರು. ನನಗೆ ಖುಷಿಯಾಯಿತು. ಮಂಗಳೂರಿನ ಕೆಥೊಲಿಕರ ಮನೆಗಳಲ್ಲಿ ಮಕ್ಕಳಿಗೆ ಬಾಯಿಪಾಠವಾಗಿರುವ ಕತೆಯನ್ನೇ ಹೇಳಿದೆ. ನಾವು ಮೂಲತಃ ಗೋವೆಯವರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಬಂತು, ಮತಾಂತರಗೊಂಡವರು ಹಳೆಯ ಪದ್ಧತಿ ಬಿಡಲಿಲ್ಲವೆಂದು ವಿಚಾರಣೆ ಶಿಕ್ಷೆ ಶುರುವಾಯಿತು. ಆಮೇಲೆ ಮರಾಠರ ದಂಡು. ನಮ್ಮ ಹಿರಿಯರು ತಂಡತಂಡವಾಗಿ ಓಡಿ ಕನ್ನಡ ಕರಾವಳಿಗೆ ಬಂದರು. ಇಲ್ಲಿ ಗದ್ದೆ ಮಾಡಿದರು. 1784ರಲ್ಲಿ ಟಿಪ್ಪು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ, ಬದುಕಿದವರು 1799ರ ನಂತರ ಮರಳಿದರು. ಎಷ್ಟು ಕಷ್ಟಪಟ್ಟರು ಗೊತ್ತಾ ಮಾಂಯ್, ಎಂದೆ.

ಅಜ್ಜಿ ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ ಕೇಳಿದರು, “ಗೋವೆಯಲ್ಲಿ ನಿಮ್ಮ ಮನೆಯಲ್ಲಿ ನೀರು ಯಾರು ಹೊರುತ್ತಿದ್ದರು?”

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

“ನಮ್ಮವರೂ ಗೋವೆಯಿಂದಲೇ ಓಡಿ ಬಂದದ್ದು ಮಗಾ. ನಿಮ್ಮವರು ರಾಜರಿಗೆ ಹೆದರಿ ಓಡಿದರು. ನಮ್ಮವರು ಮನೆ ಯಜಮಾನರಿಗೆ ಹೆದರಿ ಓಡಿದರು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬುದೂ ಇರಲಿಲ್ಲ. ಸೂಜಿ ನನ್ನತ್ತ ಚಾಚಿ, “ಕಣ್ಣು ಕಾಣುವುದಿಲ್ಲ, ದಾರ ಪೋಣಿಸಿ ಕೊಡು” ಎಂದರು. ಪೋಣಿಸಿ ಕೊಟ್ಟೆ. ಅಷ್ಟು ಹೊತ್ತಿಗೆ ಅವರ ಕೌದಿ ನಡುವಿಗೆ ಬಂದಿತ್ತು. ಕೊನೆಯ ತುಂಡು ಮುಚ್ಚುವ ಮೊದಲು ಒಳಗಿನಿಂದ ನಾಲ್ಕು ಕಾಳು ಅಕ್ಕಿ ತರಿಸಿ ಅದರಡಿ ಇಟ್ಟರು. ಹೊಟ್ಟೆ ಖಾಲಿ ಇಟ್ಟು ಹೊಲಿಯಬಾರದು ಎಂದರು.

ಆ ಮಾತು ನನ್ನ ಜೊತೆ ಉಳಿಯಿತು. ಆಮೇಲೆ ಓದಿದೆ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಆಫ್ರಿಕದ ಜನರನ್ನು ಹಡಗಿನಲ್ಲಿ ತಂದು ಗುಲಾಮರಾಗಿ ಮಾರುತ್ತಿದ್ದರು. ಅವರಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು, ಸಂತರ ಹೆಸರು ಇಡುತ್ತಿದ್ದರು, ಆಮೇಲೆ ಮನೆಗೆಲಸಕ್ಕೆ, ಪಲ್ಲಕ್ಕಿ ಹೊರುವುದಕ್ಕೆ ಹಚ್ಚುತ್ತಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡುಗಳಲ್ಲಿ ಅಡಗಿದರು. ದಖ್ಖನಿನ ಸುಲ್ತಾನರ ಸೈನ್ಯಗಳಲ್ಲಿ ಹಬ್ಶಿಗಳು ದಂಡನಾಯಕರಾಗಿದ್ದರು, ಅಹಮದ್‌ನಗರದ ಮಲಿಕ್ ಅಂಬರ್ ರಾಜ್ಯವನ್ನೇ ನಡೆಸಿದ. ಹಾಗಾಗಿ ಸಿದ್ದಿಗಳೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ. ಆದರೆ ಆ ಕೇರಿಯವರು ಹೇಳಿಕೊಳ್ಳುವ ದಾರಿ ಗೋವೆಯದು. ಜುಜೆ, ಬಸ್ತ್ಯಾಂವ್ ಎಂಬ ನಮ್ಮ ಅಜ್ಜಂದಿರ ಹೆಸರುಗಳು ಅಲ್ಲಿಯೂ ಇದ್ದದ್ದು ಕಂಡು ಮೊದಲ ದಿನ ನಾವು “ಎಷ್ಟು ಚೆಂದ” ಎಂದಿದ್ದೆವು. ಒಂದೇ ಹೆಸರು ಎರಡು ಮನೆಗೆ ಹೇಗೆ ಬಂತೆಂದು ಯಾರೂ ಕೇಳಿಕೊಂಡಿರಲಿಲ್ಲ. ನಮ್ಮ ಹಿರಿಯರ ಮನೆಯಲ್ಲಿ ಗುಲಾಮರಿದ್ದರೋ ಇಲ್ಲವೋ ನನಗೆ ಗೊತ್ತಾಗುವ ದಾರಿಯಿಲ್ಲ. ಆದರೆ ಮತ ಬದಲಾಗಿ ನಾನೂರು ವರ್ಷದ ಮೇಲೂ ಮದುವೆ ಪ್ರಸ್ತಾಪ ಬಂದರೆ “ಬಾಮಣರಾ?” ಎಂದು ಮೆಲ್ಲಗೆ ವಿಚಾರಿಸುವ ಮನೆ ನಮ್ಮದು. ನೀರು ಹೊತ್ತವರು ಯಾರೋ ಇದ್ದೇ ಇದ್ದರು.

ಆ ಅಜ್ಜಿಗೆ ಒಬ್ಬ ಮೊಮ್ಮಗಳು. ಹೆಸರು ಬರೆಯುವುದಿಲ್ಲ. ಅದೇ ತಿಂಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಫಸ್ಟ್ ಕ್ಲಾಸ್. ಆ ಕೇರಿಯ ಹುಡುಗಿಯರಲ್ಲಿ ಅಲ್ಲಿಯವರೆಗೆ ಯಾರೂ ಫಸ್ಟ್ ಕ್ಲಾಸ್ ಪಡೆದಿರಲಿಲ್ಲ ಎಂದು ಅವಳ ಅಪ್ಪ ನಮ್ಮೆಲ್ಲರಿಗೂ ಎರಡೆರಡು ಬಾರಿ ಹೇಳಿದರು. ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಅವಳು ಹಿಂದೆ ನಿಂತು ನನ್ನ ಸ್ಪೆಲ್ಲಿಂಗ್ ನೋಡುತ್ತಿದ್ದಳು. ಒಮ್ಮೆ ನಾನು ಬೋರ್ಡಿನಲ್ಲಿ ತಪ್ಪು ಬರೆದಾಗ ಮಕ್ಕಳಿಗೆ ಕೇಳಿಸದಂತೆ ಹತ್ತಿರ ಬಂದು ಹೇಳಿ ಹೋದಳು. ಅವಳಿಗೆ ನರ್ಸ್ ಆಗಬೇಕಿತ್ತು. 2003ರಿಂದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಶುಲ್ಕದ ಚಿಂತೆ ಅಷ್ಟಿರಲಿಲ್ಲ. ಉಳಿದುಕೊಳ್ಳುವುದು ಎಲ್ಲಿ ಎಂಬುದೇ ಪ್ರಶ್ನೆ. ಮಂಗಳೂರಿನಲ್ಲಿ ಸಿಸ್ಟರುಗಳ ಹಾಸ್ಟೆಲುಗಳಿವೆಯಂತಲ್ಲ, ಎಂದು ಅವಳ ಅಪ್ಪ ಕೇಳಿದರು.

ನನ್ನ ಚಿಕ್ಕಮ್ಮನ ಪರಿಚಯದ ಒಂದು ಹಾಸ್ಟೆಲ್ ಇತ್ತು. “ನಾನು ಮಾತಾಡುತ್ತೇನೆ ಅಂಕಲ್, ಖಂಡಿತ” ಎಂದೆ. ಕೇಳಿ ನೋಡುತ್ತೇನೆ ಎನ್ನಬಹುದಿತ್ತು. ಬಾವಿಯಲ್ಲಿ ಸೋತ ಮೇಲೆ ಏನನ್ನಾದರೂ ಖಂಡಿತ ಮಾಡಿಕೊಡುವವಳಾಗಬೇಕಿತ್ತು ನನಗೆ.

ಹೊರಡುವ ದಿನ ಹುಡುಗಿ ಅಂಕಪಟ್ಟಿಯ ಜೆರಾಕ್ಸ್ ತಂದು ಕೊಟ್ಟಳು. ಮಡಿಕೆ ಬೀಳಬಾರದೆಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ, ಹಿಂದೆ ರಟ್ಟು ಇಟ್ಟು. ಅವಳ ಅಪ್ಪ ಟೆಂಪೊದ ಪಕ್ಕ ನಿಂತು ನನಗೆ ಕೈ ಮುಗಿದರು. ನನ್ನ ತಂದೆಯ ವಯಸ್ಸಿನವರು.

ಮರಳಿದ ವಾರವೇ ಚರ್ಚಿನ ಪತ್ರಿಕೆಗೆ ಲೇಖನ ಬರೆದೆ. “ನಾವು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು” ಎಂದು ಮುಗಿಸಿದೆ. ಇಂಥ ಶಿಬಿರದಿಂದ ಬಂದವರೆಲ್ಲ ಬರೆಯುವ ವಾಕ್ಯ. ಒಂದು ಪ್ಲಾಸ್ಟಿಕ್ ಕವರು ಪಡೆದು ಬಂದಿದ್ದೇನೆ ಎಂಬುದು ಅದರಲ್ಲಿರಲಿಲ್ಲ. ಫೋಟೊದಲ್ಲಿ ನಾನು ಬುಟ್ಟಿ ಹಿಡಿದು ನಗುತ್ತಿದ್ದೇನೆ.

ಆಮೇಲೆ ಜೂನ್ ಬಂತು. ಮಳೆ, ಕಾಲೇಜು, ದೊಡ್ಡಪ್ಪನ ಮಗಳ ಮದುವೆ, ರೋಸಿನ ದಿನ ತೆಂಗಿನ ಹಾಲು ಹಚ್ಚುವ ಗಲಾಟೆ. ಚಿಕ್ಕಮ್ಮನನ್ನು ಮದುವೆಯಲ್ಲಿ ಭೇಟಿಯಾದಾಗ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳು. ನೆನಪಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೆ. ಸೆಪ್ಟೆಂಬರ್ 8, ಮೊಂತಿ ಹಬ್ಬ. ಹೊಸ ತೆನೆ ಮನೆಗೆ ಬರುವ ದಿನವೆಂದು ಅಮ್ಮ ಮನೆಯೆಲ್ಲ ಚೊಕ್ಕಟ ಮಾಡುವಾಗ ನನ್ನ ಟ್ರಾವೆಲ್ ಬ್ಯಾಗ್ ಕೊಡವಿದರು. ಕವರು ಬಿತ್ತು. “ಇದು ಯಾರದು?” ಎಂದರು. ಮಡಿಕೆ ಬಿದ್ದಿರಲಿಲ್ಲ. ಪಿಯುಸಿ ತರಗತಿಗಳು ಶುರುವಾಗಿ ಎಷ್ಟೋ ವಾರವಾಗಿತ್ತು.

ಆ ಶನಿವಾರ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಕುಳಿತಿದ್ದ ಗುರುಗಳು ಕೇಳಿ, ಮೂರು ನಮೋ ಮರಿಯಾ ಹೇಳು, ಮತ್ತು ಆ ಹುಡುಗಿಗೆ ಒಂದು ಪತ್ರ ಬರೆ ಎಂದರು. ಪ್ರಾರ್ಥನೆ ಅಲ್ಲೇ ಮೊಣಕಾಲೂರಿ ಮುಗಿಸಿದೆ. ಪತ್ರ ಬರೆಯಲಿಲ್ಲ. ಏನೆಂದು ಬರೆಯುವುದು ಎಂದು ತೋಚಲಿಲ್ಲ. ಆಮೇಲೆ ತಡವಾಯಿತು, ಆಮೇಲೆ ಇನ್ನೂ ತಡವಾಯಿತು.

2019ರ ಮೇ. ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳ ಶಿಬಿರಕ್ಕೆ ಜಾಗ ಹುಡುಕುವಾಗ ಆ ಕೇರಿಯ ಹೆಸರನ್ನು ನಾನೇ ಹೇಳಿದೆ. ಹೇಳುವಾಗ ಎದೆ ಹೊಡೆದುಕೊಂಡಿತು, ಆದರೂ ಹೇಳಿದೆ. ರಸ್ತೆಗೆ ಡಾಂಬರು ಬಂದಿತ್ತು. ಮನೆಗಳ ಮುಂದೆ ನಲ್ಲಿ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದರು, ನೀರು ಬಟ್ಟೆ ಒಗೆಯಲು ಮಾತ್ರ. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

ಎರಡನೆಯ ದಿನ ಭಾನುವಾರ. ಪೂಜೆ ಮುಗಿಸಿ ಬರುವಾಗ ಸ್ಕೂಟಿಯಲ್ಲಿ ಒಬ್ಬ ಹೆಂಗಸು ಬಂದು ಆ ಮನೆಯ ಮುಂದೆ ಇಳಿದಳು. ಅಂಗಳದಲ್ಲಿ ನಿಂತಿದ್ದ ನನ್ನನ್ನು ನೋಡಿ “ಬರ್ರಿ ಮೇಡಂ, ಒಳಗ ಬರ್ರಿ” ಎಂದಳು. ಅವಳೇ. ಎಎನ್ಎಂ ತರಬೇತಿ ಮುಗಿಸಿ ಪಕ್ಕದ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಕೆಲಸ. ವಾರಕ್ಕೊಮ್ಮೆ ಅಪ್ಪನನ್ನು ನೋಡಲು ಬರುತ್ತಾಳೆ. ಅಪ್ಪ ಒಳಗೆ ಮಲಗಿದ್ದರು, ಕಿವಿ ಮಂದ. ನನಗೆ ಚಹಾ ಮಾಡಿಕೊಟ್ಟಳು.

“ನಾನು ಮೊದಲೊಮ್ಮೆ ಬಂದಿದ್ದೆ” ಎಂದೆ.

“ಹೌದೇನ್ರಿ? ಯಾವ ವರ್ಷ? ಆಗ ಪ್ರತಿ ಬ್ಯಾಸಗಿಗೂ ಯಾರಾರ ಬರ್ತಿದ್ರು.”

“ಹಳದಿ ಟೀ ಶರ್ಟು.”

“ಓ, ಬಾವಿ ರಾಡಿ ಮಾಡಿ ಹ್ವಾದ್ರಲ್ಲ, ಅವರಾ?” ಎಂದು ನಕ್ಕಳು. “ಅಜ್ಜಿ ಭಾಳ ದಿನ ಹೇಳಿ ನಗತಿದ್ಲು. ನಿಮ್ಮೋರು ಯಾರೋ ಬಿಟ್ಟು ಹ್ವಾದ ಅಂಗಿ ಕೌದಿಗೆ ಹಾಕಿದ್ಲು. ಬಣ್ಣ ಬಿಟ್ಟು ಮಗ್ಗಲದ ಬಿಳಿ ಅರಬಿ ಎಲ್ಲ ಹಳದಿ ಆತು.”

ಅವಳಿಗೆ ನನ್ನ ಮುಖದ ಗುರುತು ಒಂಚೂರೂ ಇರಲಿಲ್ಲ. ಹತ್ತು ವರ್ಷ ನಾನು ಅವಳ ಕಣ್ಣು ತಪ್ಪಿಸಿಕೊಂಡು ಬದುಕಿದ್ದೆ, ಅವಳ ಕಣ್ಣಿನಲ್ಲಿ ನಾನು ಇರಲೇ ಇಲ್ಲ. ಹಗುರವಾಗಬೇಕಿತ್ತು. ಆಗಲಿಲ್ಲ. ಓದಿನ ವಿಷಯ ಕೇಳಿದೆ.

“ನಂದು ಒಂದು ವರ್ಷ ಸುಮ್ನ ಹ್ವಾತ್ರಿ. ಯಾರೋ ಮಂಗಳೂರಿನೋರು ಹಾಸ್ಟೆಲ್ ಸೀಟು ಕೊಡಸ್ತೇವಿ ಅಂದಿದ್ರಂತ ಅಪ್ಪ ಕಾಯೋಣು ಅಂದ. ಕಾಗದ ಬರ್ತದ ಅಂತ ದಿನಾ ಪೋಸ್ಟಿಗೆ ಹೋಗಾಂವ. ಮುಂದಿನ ವರ್ಷ ಧಾರವಾಡದ ಸಿಸ್ಟರ್ ಒಬ್ರು ಬಂದಿದ್ರು, ಅವರಿಗೂ ಒಂದು ಜೆರಾಕ್ಸ್ ಕೊಟ್ಟೆ. ಎಂಟು ದಿನದಾಗ ಕಾಗದ ಬಂತು, ಜಾಗಾ ಇಲ್ಲ ಅಂತ.” ಅವಳು ಲೋಟ ಕೆಳಗಿಟ್ಟಳು. “ಇಲ್ಲ ಅಂತ ಬರದ್ರಲ್ಲ, ಅದ ಚಲೋ ಆತು. ಅಪ್ಪಗ ಹೇಳಿ ಹಳಿಯಾಳದ ಕಾಲೇಜಿಗೆ ಹೆಸರು ಹಚ್ಚಿದೆ. ಬಸ್ಸಿಗೆ ಹೋಗಿ ಬಂದು ಮಾಡಿದೆ.”

ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಾನು ಅದನ್ನೇ ನೋಡುತ್ತಾ “ಆ ಮಂಗಳೂರಿನವಳು ನಾನೇ” ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಸಿಟ್ಟಾಗುತ್ತಾಳೆ ಎಂದುಕೊಂಡೆ, ಇಲ್ಲವೇ ಹೋಗಲಿ ಬಿಡಿ ಎನ್ನುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

“ಹೌದೇನ್ರಿ” ಎಂದಳು. ಮತ್ತೆ ಸ್ವಲ್ಪ ತಡೆದು, “ಚಾ ಆರ್ತದ, ಕುಡೀರಿ.”

ಕುಡಿದೆ. ಒಳಗೆ ಅಪ್ಪ ಕೆಮ್ಮಿದರು, ಅವಳು ಎದ್ದು ಹೋದಳು. ಅವರಿಗೆ ಹೇಳುತ್ತಾಳೋ ಎಂದು ಕಾದೆ. ಮಾತ್ರೆಯ ಮಾತು ಮಾತ್ರ ಕೇಳಿಸಿತು.

ಹೊರಗೆ ಬಂದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಓಡಿ ಬಂದಳು. ಕೈಯಲ್ಲಿ ಮೊಬೈಲು. ಅದರಲ್ಲಿ ಒಂದು ಅಂಕಪಟ್ಟಿಯ ಫೋಟೊ, ಕೆಳಗಿನ ಮನೆಯ ಹುಡುಗನದು. “ಮ್ಯಾಮ್, ಇವನಿಗೆ ಮಂಗಳೂರಿನಲ್ಲಿ ಡಿಪ್ಲೊಮಾ ಮಾಡಬೇಕಂತೆ, ಹಾಸ್ಟೆಲ್ ಬೇಕಂತೆ. ಊರಿಗೆ ಹೋದ ಮೇಲೆ ವಿಚಾರಿಸ್ತೇನೆ, ಖಂಡಿತ ಸಿಗ್ತದೆ ಅಂತ ಹೇಳಿದ್ದೇನೆ.”

“ಈಗಲೇ ವಿಚಾರಿಸು” ಎಂದೆ.

“ಇಲ್ಲಿ ನೆಟ್‌ವರ್ಕ್ ಇಲ್ಲ ಮ್ಯಾಮ್.”

ಪ್ರಾರ್ಥನಾ ಮಂದಿರದ ಹಿಂದಿನ ದಿಬ್ಬದ ಮೇಲೆ, ದೊಡ್ಡ ಮತ್ತಿ ಮರದ ಬುಡದಲ್ಲಿ ಎರಡು ಗೆರೆ ಸಿಗುತ್ತದೆ ಎಂದು ಮಕ್ಕಳು ಹೇಳಿದವು. ಬಿಸಿಲಲ್ಲಿ ಹತ್ತಿದೆವು. ಎರಡು ಹಾಸ್ಟೆಲಿನವರು ಎತ್ತಲಿಲ್ಲ, ಭಾನುವಾರ. ಮೂರನೆಯವರು ಎತ್ತಿದರು. ಹುಡುಗರ ಹಾಸ್ಟೆಲ್ ಈ ವರ್ಷದಿಂದ ನಿಲ್ಲಿಸಿದ್ದೇವೆ ಎಂದರು. ಹುಡುಗಿಯ ಮುಖ ಸಪ್ಪಗಾಯಿತು.

“ಹೋಗಿ ಹೇಳಿ ಬಾ ಅವನಿಗೆ” ಎಂದೆ.

“ಇಲ್ಲ ಅಂತಲಾ ಮ್ಯಾಮ್?”

“ಇಲ್ಲಿಯವರೆಗೆ ಇಲ್ಲ ಅಂತ.”

ಅವಳು ದಿಬ್ಬ ಇಳಿದು ಹೋದಳು. ಗೆರೆ ಎರಡಿದ್ದದ್ದು ಒಂದಕ್ಕೆ ಬಂದಿತ್ತು. ನಾನು ಮರಕ್ಕೆ ಇನ್ನೂ ಒತ್ತಿ ನಿಂತು ನಾಲ್ಕನೆಯ ನಂಬರು ಒತ್ತಿದೆ.